ಶಿವಕುಮಾರಿ ಒಗೆದದ್ದೇನು?

ಮುಂಬಯಿಯ ಕುರ್ಲಾದ ಒಂದು ಕಾಲೇಜು ಶಿವಕುಮಾರಿಯ ಮೂರು ವರ್ಷದ ಪಗಾರದಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕಿ ಇಟ್ಟುಕೊಂಡಿದೆ. ಅಲ್ಲಿ ಅಥ್ಲೆಟಿಕ್ಸ್ ಕೋಚಿಗೆ ತಿಂಗಳಿಗೆ ಇಪ್ಪತ್ತೆರಡು ಸಾವಿರ. ಅವಳ ಕೈಗೆ ಬಂದದ್ದು ಒಂಬತ್ತು. ಯಾರೂ ತಿಂದಿಲ್ಲ, ಒಂದು ಶಬ್ದ ತಪ್ಪಿತು ಅಷ್ಟೇ ಅನ್ನುತ್ತಾರೆ.

ಅವಳ ಅಪ್ಪ-ಅವ್ವ ವಿಜಾಪುರದ ಸಿಂದಗಿ ಕಡೆಯವರು, ಪವಾಯಿಯಲ್ಲಿ ಬಿಲ್ಡಿಂಗ್‌ಗಳು ಏಳುವಾಗ ಕೂಲಿಗೆ ಬಂದವರು. ಸೈಟಿನಲ್ಲಿ ಇಟ್ಟಿಗೆ ಹೊರುವುದಕ್ಕಿಂತ ಒಗೆಯುವುದು ಬೇಗ. ಕೆಳಗಿನವರು ಒಗೆಯಬೇಕು, ಮೇಲಿನವರು ಹಿಡಿಯಬೇಕು. ಹನ್ನೆರಡು ವರ್ಷದ ಶಿವಕುಮಾರಿ ಎರಡನೇ ಮಾಳಿಗೆಗೆ ಒಗೆಯುತ್ತಿದ್ದಳು. ಇದನ್ನು ಕೇಳಿ ಕೆಲವರು ಚಪ್ಪಾಳೆ ತಟ್ಟುತ್ತಾರೆ. ತಟ್ಟಬೇಡಿ. ಆ ವಯಸ್ಸಿನ ಹುಡುಗಿ ಅಲ್ಲಿ ಇರಲೇಬಾರದಿತ್ತು. ಮುನಿಸಿಪಾಲ್ಟಿ ಕನ್ನಡ ಶಾಲೆಯ ಪಿ.ಟಿ. ಮಾಸ್ತರು ಅವಳ ಕೈಗೆ ಡಿಸ್ಕಸ್ ತಟ್ಟೆ ಕೊಟ್ಟರು. ಹತ್ತೊಂಬತ್ತಕ್ಕೆ ರಾಜ್ಯ ಚಾಂಪಿಯನ್. ಮುಂದಿನ ಮೂರು ವರ್ಷವೂ ಅವಳೇ. ಇಪ್ಪತ್ತಾರಕ್ಕೆ ಭುಜದ ಸ್ನಾಯು ಹರಿದು ಆಟ ಮುಗಿಯಿತು. ಹಾರ ಹಾಕಿ ಫೋಟೋ ತೆಗೆಸಿಕೊಂಡವರು ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಲೋಕಲ್‌ನಲ್ಲಿ ಸೀಟು ಸಿಕ್ಕರೂ ಬಾಗಿಲಲ್ಲಿ ನಿಲ್ಲುತ್ತಾಳೆ. ತಾಟು ಹಿಡಿದು ಚಾಳಿನ ಪ್ಯಾಸೇಜಿನಲ್ಲಿ ಓಡಾಡುತ್ತ ಉಣ್ಣುತ್ತಾಳೆ. ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಪ್ಯಾಕಿಂಗ್‌ಗೆ ಹೋದಳು, ಇಪ್ಪತ್ತು ದಿನಕ್ಕೆ ಬಿಟ್ಟಳು. ಸ್ಟೂಲಿನ ಮೇಲೆ ಕೂರಬೇಕಿತ್ತಂತೆ. ‘ನಿನ್ನ ಕುಂಡಿಗೆ ಮುಳ್ಳ ಹುಟ್ಟ್ಯಾವೇನ?’ ಅಂತ ಅವ್ವ ಗುರುಬಾಯಿ ಬೈದಳು.

ಕಾಲೇಜಿನಲ್ಲಿ ಸ್ಪೋರ್ಟ್ಸ್ ಕೆಲಸ ಖಾಲಿ ಇದೆ ಅಂತ ಯಾರೋ ಹೇಳಿದರು. ಖಾಲಿ ಇದ್ದದ್ದು ಎರಡು: ಕೋಚ್ ಒಬ್ಬರು, ಆಟದ ಬಟ್ಟೆ ತೊಳೆಯುವವರು ಒಬ್ಬರು. ಅವಳಿಗೆ ಗೊತ್ತಿದ್ದದ್ದು ಕೋಚ್ ಕೆಲಸ ಒಂದೇ. ಆಫೀಸಿನ ಕ್ಲಾರ್ಕ್ ಚೆನ್ನಯ ಉಡುಪಿ ಕಡೆಯವರು. ಕನ್ನಡದ ಹೆಣ್ಣುಮಗಳು ಬಂದಳು ಅಂತ ಖುಷಿಯಾಗಿ ಇಂಗ್ಲಿಷ್ ಫಾರಂ ತಾವೇ ತುಂಬಲು ಕೂತರು. ಏನು ಕೆಲಸ ಬರುತ್ತದೆ ಅಂತ ಕೇಳಿದರು.

‘ಒಗೀತೀನ್ರಿ. ಸಣ್ಣಾಕಿ ಇದ್ದಾಗಿಂದ ಒಗದೀನಿ.’

ನಮ್ಮ ವಿಜಾಪುರ ಕಡೆ ಕಲ್ಲನ್ನೂ ಒಗೆಯುತ್ತಾರೆ, ಅರಿವೆಯನ್ನೂ ಒಗೆಯುತ್ತಾರೆ. ಕರಾವಳಿಯವರು ಒಗೆಯುವುದು ಬಟ್ಟೆ ಮಾತ್ರ. ಅವಳು ಸರ್ಟಿಫಿಕೇಟ್ ತೆಗೆಯಲು ಹೋದರೆ, ಈ ಕೆಲಸಕ್ಕೆ ಅದೆಲ್ಲ ಬೇಡ ಅಂದರು ಚೆನ್ನಯ.

ಮೊದಲ ಶನಿವಾರ ಒಂದು ಚೀಲ ಬೆವರು ನಾರುವ ಜೆರ್ಸಿ ಬಂತು. ಕಾಲೇಜಿನಲ್ಲಿ ಕೋಚ್ ಇದನ್ನೂ ಮಾಡಬೇಕೇನೋ ಅಂದುಕೊಂಡು ತೊಳೆದಳು. ಕೊಟ್ಟದ್ದನ್ನು ಮಾಡುವುದು, ಕೇಳದೆ ಇರುವುದು: ನಮ್ಮ ದುಡಿಯುವ ಜನದ ಹಳೇ ರೋಗ. ಅವಳು ಒಬ್ಬ ಹುಡುಗಿ ಪಾದ ಇಡುವ ರೀತಿ ತಿದ್ದುವುದನ್ನು ಕಂಡ ಕ್ರೀಡಾ ನಿರ್ದೇಶಕರು ಮರುದಿನವೇ ಇಡೀ ತಂಡವನ್ನು ಅವಳಿಗೆ ಒಪ್ಪಿಸಿ ಚಹಾಕ್ಕೆ ಹೋದರು. ಮೂರು ವರ್ಷ ಚಹಾ ಕುಡಿದರು. ಹುಡುಗಿಯರು ಗೆದ್ದಾಗ ಕೋಚ್ ಅನ್ನುವ ಜಾಗದಲ್ಲಿ ತಮ್ಮ ಸಹಿ ಹಾಕಿದರು.

ಈ ಜೂನ್‌ನಲ್ಲಿ ಕೋಚ್ ಹುದ್ದೆ ಪರ್ಮನೆಂಟ್ ಆಯಿತು. ರಾಜ್ಯ ಪದಕ ಇರಬೇಕು, ಮೂರು ವರ್ಷ ಕಲಿಸಿರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ಅವಳಿಗೆ ಮೂವತ್ನಾಲ್ಕು. ಇದು ತಪ್ಪಿದರೆ ಇನ್ನೊಂದಿಲ್ಲ. ಆಫೀಸಿನಿಂದ ಇಂಗ್ಲಿಷ್ ಅನುಭವ ಪತ್ರ ತೆಗೆದುಕೊಂಡು ಮೈದಾನಕ್ಕೆ ಬಂದು, ಡಿಸ್ಕಸ್ ಕಲಿಯುವ, ಅರ್ಧ ಹಿಂದಿ ಅರ್ಧ ಕನ್ನಡ ಆಡುವ ಸಪ್ನಾ ಕೈಗೆ ಓದಲು ಕೊಟ್ಟಳು.

‘ಟೀಚರ್, ಇದರಲ್ಲಿ ಒಗೆಯೋದು ಲಿಖಾ ಹೈ.’

‘ಮತ್ತ? ಅದನ್ನ ಮಾಡೀನಲ್ಲ.’

‘ನಹೀ ಟೀಚರ್. ಕಪಡೆ. ಬಟ್ಟೆ.’

ಶಿವಕುಮಾರಿ ನಿಂತ ಕಾಲಲ್ಲಿ ಆಫೀಸಿಗೆ ಹೋದಳು. ‘ನೀವೇ ಹೇಳಿದ್ದಲ್ವ ಮಾರಾಯ್ತಿ,’ ಅಂದರು ಚೆನ್ನಯ. ‘ಡಿಸ್ಕಸ್ ಆದ್ರೆ ಬಿಸಾಡುದು ಅಂತ ಹೇಳ್ಬೇಕಿತ್ತು.’

‘ಬಿಸಾಡೋದು ಕಸಾ ರೀ. ನಾ ಏನ್ ಕಸಾ ಬಿಸಾಡಾಕ ಕಲಿಸೀನೇನು?’

ಅವಳು ಅವರನ್ನು ಮೈದಾನಕ್ಕೆ ಕರೆದುಕೊಂಡು ಬಂದಳು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವರು ಆ ಮಣ್ಣು ತುಳಿದದ್ದು ಅದೇ ಮೊದಲು. ಸಪ್ನಾ ವೃತ್ತದೊಳಗೆ ನಿಂತಳು. ಶಿವಕುಮಾರಿ ಸುತ್ತ ಓಡಾಡುತ್ತ, ‘ಒಗಿ. ತಡೀಬ್ಯಾಡ, ಒಗಿ,’ ಅನ್ನುತ್ತಿದ್ದಳು. ಹುಡುಗಿ ತಿರುಗಿ ಬಿಟ್ಟ ತಟ್ಟೆ ಬಲೆಗೆ ಬಡಿದು ಬಲೆ ಕಂಬದ ತನಕ ನಡುಗಿತು. ಕಂಪೌಂಡಿನ ಆಚೆ ರಸ್ತೆ ಇರುವುದರಿಂದ ಬಲೆಗೇ ಒಗೆಯಬೇಕು; ಈ ಹುಡುಗಿಯರ ಎಸೆತ ಎಷ್ಟು ದೂರದ್ದು ಅಂತ ಗೊತ್ತಾಗುವುದು ಪಂದ್ಯದ ದಿನವೇ. ಚೆನ್ನಯ ಮೊದಲು ನಕ್ಕರು. ಆಮೇಲೆ ನಗಲಿಲ್ಲ. ಆಫೀಸಿಗೆ ಮರಳಿ, ತಪ್ಪು ನನ್ನದು ಅಂತ ಕಾಗದದ ಮೇಲೆ ಬರೆದು ಸಹಿ ಹಾಕಿದರು. ನಿವೃತ್ತಿಗೆ ಒಂದು ವರ್ಷ ಉಳಿದ ಗುಮಾಸ್ತ ಇಷ್ಟು ಮಾಡಿದ್ದು ನಾನು ಬೇರೆಲ್ಲೂ ಕಂಡಿಲ್ಲ.

ಪ್ರಿನ್ಸಿಪಾಲರು ಆ ಕಾಗದವನ್ನು ಪಕ್ಕಕ್ಕಿಟ್ಟರು. ಇಬ್ಬರೂ ಕನ್ನಡದವರು, ಒಳಒಪ್ಪಂದ ಇರಬಹುದಂತೆ. ಕಲಿಸಿದ್ದು ನಾನೇ ಅಂದರು ನಿರ್ದೇಶಕರು. ವಿದ್ಯಾರ್ಥಿನಿಯರ ಮಾತು ಲೆಕ್ಕಕ್ಕಿಲ್ಲ. ಕಾಲೇಜಿಗೆ ಸಂಬಂಧ ಇಲ್ಲದ ಹತ್ತು ಮಂದಿ ಕಣ್ಣಾರೆ ಕಂಡದ್ದನ್ನು ಶುಕ್ರವಾರ ಸಂಜೆ ಐದರೊಳಗೆ ಬರೆದುಕೊಡಲಿ, ಇಲ್ಲವಾದರೆ ಇವಳ ಅರ್ಜಿ ಇಲ್ಲ ಅಂದರು ಪ್ರಿನ್ಸಿಪಾಲರು.

ಆ ಮೈದಾನ ಬೆಳಿಗ್ಗೆ ಆರರಿಂದ ಎಂಟರ ತನಕ ಊರಿಗೆಲ್ಲ ತೆರೆದಿರುತ್ತದೆ. ಶುಗರ್ ಇಳಿಸಲು ನಲವತ್ತು ಜನ ಸುತ್ತು ಹಾಕುತ್ತಾರೆ, ಅರ್ಧ ನಮ್ಮ ಕನ್ನಡದವರೇ. ಶಿವಕುಮಾರಿ ಒಬ್ಬೊಬ್ಬರ ಹಿಂದೆ ನಡೆದಳು. ಹೋಟೆಲಿನ ಧಣಿಯೊಬ್ಬರು, ಕಂಡದ್ದು ಹೌದು, ಆದರೆ ಕಾಲೇಜ್ ಕ್ಯಾಂಟೀನಿನ ಗುತ್ತಿಗೆ ನನ್ನದೇ ಅಂದರು. ಇನ್ನೊಬ್ಬರು ಮೂರು ವರ್ಷ ಸೀಟಿ ಊದಿ ಕಿವಿ ಹಾಳು ಮಾಡಿದ್ದು ನೀನೇ ತಾನೇ ಅಂತ ಜಗಳಕ್ಕೇ ನಿಂತರು. ಅದನ್ನೇ ಬರೆದುಕೊಡಿ ಅಂದರೆ ಜೇಬಿನಲ್ಲಿ ಪೆನ್ನಿಲ್ಲ.

ಆರು ಮಂದಿ ಬರೆದಿದ್ದಾರೆ. ಇನ್ನೂ ನಾಲ್ಕು ಬೇಕು.

ಅಲ್ಲಿ ಸುತ್ತು ಹಾಕಿದವರೇ, ಇದನ್ನು ಓದುತ್ತಿದ್ದೀರಿ ಅಂತ ಗೊತ್ತು. ಅವಳಿಗೆ ನಿಮ್ಮ ಹೊಗಳಿಕೆ ಬೇಡ, ಕನಿಕರ ಮೊದಲೇ ಬೇಡ. ಯಾವ ವರ್ಷ, ಎಷ್ಟು ಗಂಟೆಗೆ, ಯಾರು ಯಾರಿಗೆ ಏನು ಕಲಿಸುತ್ತಿದ್ದುದನ್ನು ಕಂಡಿರಿ, ಅಷ್ಟು ಬರೆಯಿರಿ. ಕೆಳಗೆ ಹೆಸರು, ಬಿಲ್ಡಿಂಗ್ ನಂಬರು, ಸಹಿ. ಶುಕ್ರವಾರ ನೀವೇ ಬಂದು ಪ್ರಿನ್ಸಿಪಾಲರ ಮೇಜಿನ ಮೇಲೆ ಇಡಿ. ಬರ್ತೀರೋ, ಇಲ್ಲವೋ?