ಎದುರಂಗಡಿಯ ವೇದದ ಆಚಾರಿ

ಮೊನ್ನೆ ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹಿಂದಿನ ಬಯಲಲ್ಲಿ ಯಾರೋ ಭತ್ತದ ಹೊಟ್ಟಿಗೆ ಬೆಂಕಿ ಹಾಕಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಸೊಸೆಯಾಗಿ ಕಾಲಿಟ್ಟ ಅದೇ ಊರಿನ ಅಕ್ಕಸಾಲಿಗರ ಬೀದಿ ಕಣ್ಣಮುಂದೆ ಬಂತು. ಆಗ ಬೆಳಗಾದರೆ ಅಲ್ಲಿ ಪ್ರತಿ ಅಂಗಡಿಯಲ್ಲೂ ಹೊಟ್ಟಿನ ಅಗ್ಗಿಷ್ಟಿಕೆ ಹೊಗೆಯಾಡುತ್ತಿತ್ತು. ಆ ಹೊಗೆಯಾಚೆ, ನಮ್ಮ ಅಂಗಡಿಗೆ ನೇರ ಎದುರಿಗೆ, ಗೋಡೆಯ ಶಿಲುಬೆಯ ಮುಂದೆ ಮಂಡಿಯೂರಿದ ಒಬ್ಬ ಮನುಷ್ಯ...

ಬೀದಿಯವರು ಆತನನ್ನು ವೇದದ ಆಚಾರಿ ಎನ್ನುತ್ತಿದ್ದರು. ಕ್ರೈಸ್ತರನ್ನು ವೇದದವರು ಎನ್ನುವ ವಾಡಿಕೆ ನಮ್ಮಲ್ಲಿತ್ತು. ತಾತನ ಕಾಲಕ್ಕೇ ಆ ಮನೆಯವರು ಇಗರ್ಜಿಗೆ ಸೇರಿದ್ದರಂತೆ, ಕಸುಬನ್ನು ಮಾತ್ರ ಬಿಟ್ಟಿರಲಿಲ್ಲ. ಪ್ರಾರ್ಥನೆ ಮುಗಿಸದೆ ಆತ ಒಲೆ ಹಚ್ಚುತ್ತಿರಲಿಲ್ಲ. ಚಿನ್ನದ ಗಣಿಯ ಕೆಲಸದವರು ಹೆಂಡತಿ ಮಕ್ಕಳೊಂದಿಗೆ ಪೇಟೆಗೆ ಬರುತ್ತಿದ್ದ ಭಾನುವಾರವೇ ಆತನ ಅಂಗಡಿ ಮುಚ್ಚಿರುತ್ತಿತ್ತು. ಬೀದಿಯವರಿಗೆ ಅದೊಂದು ತಮಾಷೆ. ಆಗಿನ್ನೂ ಯಾರಿಗೂ ಆತನ ಮೇಲೆ ಹಗೆಯಿರಲಿಲ್ಲ.

ಹಗೆ ಶುರುವಾದದ್ದು ಒಂದು ಗುಂಡಿನ ಸರದಿಂದ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಹಾಲು ತರುತ್ತಿದ್ದ ಗೌಡ್ತಿಯೊಬ್ಬಳಿಗೆ, ಮಗಳ ಮದುವೆಗೆಂದು ನಮ್ಮ ಮಾವ ಆ ಸರ ಮಾಡಿಕೊಟ್ಟಿದ್ದರು. ಅದರ ಕೊಂಡಿ ಬಿಟ್ಟುಹೋಯಿತು. ಆ ದಿನ ನಮ್ಮ ಅಂಗಡಿಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಆಕೆ ಎದುರಿಗೆ ಹೋದಳು. ಆತ ಕೊಂಡಿ ಬೆಸೆದುಕೊಟ್ಟ. ಹೊಗಳಿಕೆ ಕೇಳುವ ಆಸೆಯಿಂದ ಆಕೆ, “ಚಿನ್ನ ಎಂಗೈತೆ ಅಣ್ಣಾ?” ಅಂದಳು. ಆತ ಸರವನ್ನು ಆಕೆಯ ಕೈಗೆ ಕೊಡಹೋದ. ಆಕೆ ಬಿಡಲಿಲ್ಲ. ಕೊನೆಗೆ ಒರೆಗಲ್ಲಿಗೆ ಉಜ್ಜಿ ನೋಡಿ, “ತಾಮ್ರ ಜಾಸ್ತಿ ಐತಮ್ಮಾ” ಅಂದ.

ಗೌಡ್ತಿ ನಮ್ಮ ಬಾಗಿಲಿಗೆ ಬಂದು ಸರವನ್ನು ಮೆಟ್ಟಿಲ ಮೇಲೆ ಎಸೆದು ಮಣ್ಣು ತೂರಿದಳು. ಬೀದಿಗೆ ಬೀದಿಯೇ ನಿಂತು ನೋಡಿತು. ಆಗ ನಾನು ತುಂಬು ಬಸುರಿ. ಬಾಗಿಲ ಹಿಂದೆ ನಿಂತು ನಡುಗುತ್ತಿದ್ದೆ. ಆ ದಿನದಿಂದ ಎದುರಂಗಡಿಯವನ ಮುಖ ಕಂಡರೆ ನನ್ನ ಮೈ ಉರಿಯುತ್ತಿತ್ತು.

ಅಂದೇ ಸಂಜೆ ಮಾವ ಬೀದಿಯ ಹಿರಿಯರನ್ನು ಕರೆದುಕೊಂಡು ಆತನ ಜಗಲಿಗೆ ಹೋದರು.

“ಗೊತ್ತಿಲ್ಲ ಅಂದಿದ್ರೆ ನಿನ್ನ ಗಂಟೇನ್ ಓಗ್ತಿತ್ಲಾ?” ಎಂದು ಮಾವ ಕೇಳಿದರು.

“ಗೊತ್ತಿತ್ತಲ್ಲಣ್ಣಾ” ಅಂದ ಆತ. “ಬೆಳಿಗ್ಗೆ ಸ್ವಾಮಿ ಮುಂದೆ ಕೈ ಮುಗ್ದು ಬಂದು ಕೂತ್ಕೋತೀನಿ. ಅದೇ ಬಾಯಲ್ಲಿ ಸುಳ್ಳು ಎಂಗೇಳ್ಲಿ? ನಾನಾಗಿ ಯಾರ್ ಮನೆ ಬಾಗ್ಲಿಗೂ ಓಗಿ ಏಳಲ್ಲ. ಕೇಳಿದ್ರೆ ಮಾತ್ರ ಇರೋದೇ ಏಳ್ತೀನಿ.”

“ಅಂಗಾದ್ರೆ ಈ ಬೀದೀಲಿ ನಿಂಗೆ ನೀರೂ ಇಲ್ಲ, ಬೆಂಕೀನೂ ಇಲ್ಲ” ಅಂದರು ಮಾವ.

ಆ ಮಾತು ಹಾಗೇ ನಡೆಯಿತು. ಬೀದಿಯ ಬಾವಿಯಲ್ಲಿ ಆತನ ಹೆಂಡತಿಗೆ ಹಗ್ಗ ಮುಟ್ಟಲು ಬಿಡಲಿಲ್ಲ. ಹೊಟ್ಟು ಮಾರುವವನ ಗಾಡಿ ಆ ಅಂಗಡಿಯ ಮುಂದೆ ನಿಲ್ಲದೆ ಹೋಯಿತು. ಬಾಗಿಲಿಗೆ ಯಾರೋ ಸಗಣಿ ಬಳಿದರು. ಆತ ಆಂಡರ್ಸನ್‌ಪೇಟೆಯಿಂದ ತಲೆಯ ಮೇಲೆ ಹೊಟ್ಟಿನ ಮೂಟೆ ಹೊತ್ತು ತರುತ್ತಿದ್ದ. ಬರುವಾಗ ನಮ್ಮ ಮಾವನನ್ನು ಕಂಡರೆ ಮೊದಲಿನಂತೆಯೇ, “ಊಟ ಆಯ್ತಾ ಅಣ್ಣಾ?” ಅನ್ನುತ್ತಿದ್ದ. ಅದು ಮಾವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ನನಗೆ ಹೆರಿಗೆಯಾಗಿ ಮಗಳು ಹುಟ್ಟಿದ ಕೆಲವು ತಿಂಗಳಿಗೆ ನಮ್ಮ ಅಂಗಡಿಯ ಮೇಲೆ ಪೊಲೀಸರು ಬಂದರು. ಗಣಿಯಿಂದ ಕದ್ದ ಚಿನ್ನ ಕರಗಲು ಅಕ್ಕಸಾಲಿಗರ ಮೂಸೆ ಸೇರುತ್ತದೆಂಬ ಗುಮಾನಿ ಯಾವಾಗಲೂ ಇದ್ದದ್ದೇ. ಒಳಕೋಣೆಯಲ್ಲಿ ಒಂದು ಚಿನ್ನದ ಗಟ್ಟಿ ಸಿಕ್ಕಿತು. ಅದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ; ಆ ಕೋಣೆಗೆ ಹೆಂಗಸರು ಹೋಗುವಂತಿರಲಿಲ್ಲ. ಮಾವನಿಗೆ ಕೋಳ ತೊಡಿಸಿ ನಡೆಸಿಕೊಂಡು ಹೋದರು. ನನ್ನ ಗಂಡ ಅವರ ಹಿಂದೆಯೇ ಠಾಣೆಗೆ ಹೋದರು.

ಚಾಡಿ ಹೇಳಿದವನು ವೇದದ ಆಚಾರಿಯೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಮೈದುನ ಮುಂದೆ, ಅವನ ಹಿಂದೆ ಬೀದಿಯ ಗಂಡಸರು, ಎದುರಂಗಡಿಗೆ ನುಗ್ಗಿದರು. ಅಗ್ಗಿಷ್ಟಿಕೆ ಒಡೆದರು. ಗೋಡೆಯ ಶಿಲುಬೆ ಕಿತ್ತೆಸೆದರು. ನಮ್ಮ ಮನೆಯೊಳಗೆ ಅತ್ತೆ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದರು. ನಾನು ಅವರನ್ನು ಹಿಡಿದುಕೊಂಡಿದ್ದೆ. ಆ ಕಡೆಯಿಂದ ಆತನ ಹೆಂಡತಿಯ ಕೂಗು ಕೇಳಿಸಿತು: “ಕೈ ಬಿಡ್ರಪ್ಪಾ! ಕೈಯೊಂದ್ ಬಿಡ್ರಪ್ಪಾ!” ಅಷ್ಟರಲ್ಲಿ ಆತನದೇ ಸುತ್ತಿಗೆ ಆತನ ಬಲಗೈ ಬೆರಳುಗಳ ಮೇಲೆ ಬಿದ್ದಿತ್ತು.

ಕೋರ್ಟಿನಲ್ಲಿ ಎಲ್ಲ ಬಯಲಾಯಿತು. ನಮ್ಮ ಅಂಗಡಿಯ ಹೆಸರು ಹೇಳಿದ್ದವನು ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕದ್ದ ಅದಿರಿನೊಂದಿಗೆ ಸಿಕ್ಕಿಬಿದ್ದ ಒಬ್ಬ ಕೆಲಸಗಾರ. ವೇದದ ಆಚಾರಿ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಆದರೂ ಎದುರಂಗಡಿಯವನೆಂದು ಆತನನ್ನು ಸಾಕ್ಷಿಗೆ ಕರೆದಿದ್ದರು. ಕೈಗೆ ಬಟ್ಟೆ ಸುತ್ತಿಕೊಂಡು ಆತ ಕಟಕಟೆ ಹತ್ತಿದಾಗ ಇನ್ನು ಮುಗಿಯಿತೆಂದುಕೊಂಡೆವು. ಆತನ ಒಂದು ಮಾತಿನ ಮೇಲೆ ಮಾವನ ಗತಿ ನಿಂತಿತ್ತು.

ಆ ಕೆಲಸಗಾರ ಇವರ ಅಂಗಡಿಗೆ ಬಂದದ್ದನ್ನು ನೋಡಿದ್ದೆಯಾ ಎಂದು ಕೇಳಿದರು. ನೋಡಿದ್ದೆ ಅಂದ. ಚಿನ್ನ ಕೊಟ್ಟದ್ದನ್ನು ನೋಡಿದೆಯಾ ಅಂದರು.

“ಇಲ್ಲ ಸ್ವಾಮಿ. ಕೊಟ್ಟಿದ್ದು ನೋಡ್ಲಿಲ್ಲ. ನೋಡ್ದೇ ಇರೋದನ್ನ ಏಳಲ್ಲ.”

ತಿರುಗಿಸಿ ತಿರುಗಿಸಿ ಕೇಳಿದರೂ ಅದೇ ಉತ್ತರ. ಆ ಗಟ್ಟಿ ಕದ್ದ ಚಿನ್ನದ್ದೆಂದು ಸಾಬೀತಾಗದೆ ಮಾವನ ಬಿಡುಗಡೆಯಾಯಿತು. ಮನೆಗೆ ಬಂದವರು ಅಂದು ಊಟಕ್ಕೆ ಏಳಲಿಲ್ಲ. ಅತ್ತೆ ಒತ್ತಾಯ ಮಾಡಿದ್ದಕ್ಕೆ, “ಸುಳ್ಳಾದ್ರೂ ಏಳಿ ನನ್ನ ಜೈಲಿಗ್ ಆಕ್ಸಿದ್ರೆ ಚೆನ್ನಾಗಿತ್ತು ಕಣೇ” ಎಂದು ಗೋಡೆಗೆ ಮುಖ ಮಾಡಿದರು.

ಬೆರಳು ಕೂಡಿಕೊಳ್ಳಲಿಲ್ಲ. ನಾಜೂಕು ಕೆಲಸ ಆತನ ಕೈ ಬಿಟ್ಟುಹೋಯಿತು. ಕೆಲವು ದಿನಗಳ ಮೇಲೆ ಒಂದು ಎತ್ತಿನ ಗಾಡಿಯಲ್ಲಿ ಪಾತ್ರೆ ಪಡಗ ಹೇರಿಕೊಂಡು, ಮಕ್ಕಳನ್ನು ಕೂರಿಸಿಕೊಂಡು ಸಂಸಾರ ಬಂಗಾರಪೇಟೆಗೆ ಹೊರಟಿತು. ಬೀದಿಯಲ್ಲಿ ಯಾರೂ ಹೊರಗೆ ಬರಲಿಲ್ಲ. ಆತನ ಹೆಂಡತಿ ಒಮ್ಮೆ ನಮ್ಮ ಬಾಗಿಲ ಕಡೆ ನೋಡಿದಳು... ಅಷ್ಟೆ. ಬಂಗಾರಪೇಟೆಯಲ್ಲಿ ಆತ ಒರೆ ಹಚ್ಚಿ ಚಿನ್ನದ ಗುಣ ಹೇಳಿ ಜೀವನ ಮಾಡುತ್ತಿದ್ದಾನೆಂದು ಆಮೇಲೆ ಕೇಳಿದೆವು. ದೂರದೂರದ ಹಳ್ಳಿಯವರೂ ಒಡವೆ ತೋರಿಸಲು ಆತನನ್ನೇ ಹುಡುಕಿಕೊಂಡು ಹೋಗುತ್ತಿದ್ದರಂತೆ.

ವರ್ಷಗಳು ಉರುಳಿ ನನ್ನ ಮಗಳ ಮದುವೆ ಗೊತ್ತಾಯಿತು. ಕಣ್ಣು ಮಂಜಾಗಿದ್ದರೂ ಮಾವ ತಾವೇ ಕೂತು ಮೊಮ್ಮಗಳ ತಾಳಿ ಮಾಡಿದರು. ಮುಗಿದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು.

“ಬಂಗಾರಪೇಟೆಗೆ ಓಗಿ ಅವನಿಗ್ ತೋರ್ಸ್ಕೊಂಡ್ ಬಾರಮ್ಮಾ. ಸರಿಯಾಗೈತೆ ಅಂತ ಅವನ್ ಬಾಯಲ್ಲಿ ಬರ್ಲಿ.”

ಹೋದೆ. ರೈಲ್ವೆ ಗೇಟಿನ ಆಚೆ ಮನೆ ಸಿಕ್ಕಿತು. ಆತನ ಹೆಂಡತಿ ಬಿಳಿ ಸೀರೆಯಲ್ಲಿದ್ದಳು. ಆತ ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಿದ್ದ. ಆಕೆ ಜಗಳ ತೆಗೆಯಲಿಲ್ಲ, ಒಳಗೂ ಕರೆಯಲಿಲ್ಲ. “ಯಾಕ್ ಬಂದ್ರಿ?” ಎಂದಷ್ಟೇ ಕೇಳಿದಳು. ಸೆರಗಿನ ಗಂಟಿನಲ್ಲಿದ್ದ ತಾಳಿಯನ್ನು ಬಿಚ್ಚಿ ತೋರಿಸಲು ನನಗೆ ಧೈರ್ಯ ಬರಲಿಲ್ಲ.

ಸುದ್ದಿ ಕೇಳಿ ಮಾವ ಬಹಳ ಹೊತ್ತು ತಾಳಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತರು. ಬೇರೆ ಯಾರಿಗಾದರೂ ತೋರಿಸೋಣವೇ ಎಂದು ನನ್ನ ಗಂಡ ಕೇಳಿದ್ದಕ್ಕೆ, “ಬೇರೆ ಯಾರ್ ಏಳಿದ್ರೆ ಏನ್ಲಾ” ಅಂದರು.

ಈಗ ಮಾವನಿಲ್ಲ. ಮೈದುನನೂ ಹೋದ. ಆ ಬೀದಿಯಲ್ಲಿ ಗಾಜಿನ ಬಾಗಿಲ ಅಂಗಡಿಗಳು ಬಂದಿವೆ. ಎದುರಂಗಡಿ ಇದ್ದ ಜಾಗದಲ್ಲಿ ಚಪ್ಪಲಿ ಮಾರುತ್ತಾರೆ. ಆತನ ಮೇಲಿನ ನನ್ನ ಸಿಟ್ಟು ಪೂರ್ತಿ ಹೋಗಿದೆ ಎಂದರೆ ಅದು ನಿಜವಲ್ಲ. ಬಾಗಿಲ ಹಿಂದೆ ನಿಂತು ನಡುಗಿದ ಆ ದಿನ ನನಗೆ ಮರೆತುಹೋಗಿಲ್ಲ. ಆದರೂ ಬಂಗಾರಪೇಟೆಯ ಮೇಲೆ ರೈಲು ಹಾದುಹೋಗುವಾಗ ಗೇಟಿನ ಆಚೆಗೆ ನನ್ನ ಕಣ್ಣು ಹೋಗುತ್ತದೆ. ಆ ಮನೆಯ ಬಾಗಿಲಿಗೆ ಬೀಗವಿದೆ. ಅವರ ಮಕ್ಕಳು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ.