ಫಿಲೋಮಿನಾ ಅಕ್ಕನಿಗೆ ಓದಿ ಹೇಳದ ಉತ್ತರ

ಫಿಲೋಮಿನಾ ಅಕ್ಕ, ನಿಮ್ಮ ಮಗುವಿನ ಬಗ್ಗೆ ನಾನು ಅಂದು ಹೇಳಿದ್ದು ತಪ್ಪು. ತಪ್ಪೆಂದು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ — ವರ್ಷಗಟ್ಟಲೆ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು ನಾನು. ಗಿಡಗಳ ಹೆಸರಿನಿಂದ ಹತ್ತಿದ ಲ್ಯಾಟಿನ್ ಹುಚ್ಚು. ಇಂಟರ್ನೆಟ್ಟಿನಲ್ಲೇ ಪಾಠ ಕಲಿತೆ. ಯಾವ್ಯಾವುದೋ ದೇಶದ ಗ್ರಂಥಾಲಯಗಳು ಫೋಟೋ ತೆಗೆದು ಹಾಕಿದ್ದ, ನೂರಾರು ವರ್ಷ ಹಿಂದಿನ ಕ್ರೈಸ್ತ ಪಂಡಿತರ ಲ್ಯಾಟಿನ್ ಗ್ರಂಥಗಳವರೆಗೆ ಹೋದೆ. ಸಕಲೇಶಪುರದಲ್ಲಿ ಇವನ್ನು ಓದುವವಳು ನಾನೊಬ್ಬಳೇ ಎಂಬ ಜಂಬ ಬೇರೆ. ನಿಮ್ಮ ಹೊಲಿಗೆ ಅಂಗಡಿಯಲ್ಲಿ ರವಿಕೆ ಅಳತೆ ಕೊಡುವಾಗಲೂ ಅದೇ ಮಾತು.

ಅದಕ್ಕೇ ನೀವು ಕೇಳಿದಿರಿ. ಹುಟ್ಟಿ ಒಂದು ಹಗಲೂ ಬದುಕದ ಮಗು, ಪಾದ್ರಿಗಳು ಬಂದು ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಮಾಡಿಸುವಷ್ಟರಲ್ಲಿ —

“ಸುಮಾ, ಜ್ಞಾನಸ್ನಾನ ಆಗ್ದೆ ಹೋದ ಮಕ್ಳು ಎಲ್ಲಿಗ್ ಹೋಗ್ತವೆ ಅಂತ ನಿನ್ ಪುಸ್ತಕದಲ್ಲಿ ಐತಾ?”

ಮೊಬೈಲ್ ತೆಗೆದು ಹುಡುಕಿದೆ. ಸಿಕ್ಕಿತು. ಪಾಠ ಒಪ್ಪಿಸುವವಳಂತೆ ಹೇಳಿಯೂಬಿಟ್ಟೆ: “ಅವೂ ಬೆಂಕೀಲಿ ನರಳ್ತವೆ ಅಂತ ಬರ್ದೈತೆ ಕಣಕ್ಕ.”

ನೀವು ಅರ್ಧ ಹೊಲಿದ ಬಟ್ಟೆಯನ್ನು ಮಿಷನ್ನಿನಿಂದ ತೆಗೆದು ಮಡಿಸಿಟ್ಟಿರಿ.

ಕೆಲವು ತಿಂಗಳ ನಂತರ ನನಗೆ ತಿಳಿಯಿತು — ಆ ಗ್ರಂಥಗಳನ್ನು ಬರೆದವರು ಪ್ರಶ್ನೆ ಎತ್ತಿ, ಮೊದಲು ತಾವು ಒಪ್ಪದ ವಾದವನ್ನು ಬರೆಯುತ್ತಾರೆ. ಆಮೇಲೆ ಅದನ್ನು ಖಂಡಿಸಿ ತಮ್ಮ ಉತ್ತರ ಕೊಡುತ್ತಾರೆ. ನಾನು ನಿಮಗೆ ಹೇಳಿದ್ದು ಆ ಒಪ್ಪದ ವಾದ! ಉತ್ತರ ಮುಂದಿನ ಪುಟದಲ್ಲಿತ್ತು: ಆ ಮಕ್ಕಳಿಗೆ ಬೆಂಕಿಯಿಲ್ಲ, ನೋವಿಲ್ಲ, ದುಃಖವೂ ಇಲ್ಲ. ನಾನು ಪುಟ ತಿರುಗಿಸಿಯೇ ಇರಲಿಲ್ಲ.

ಅಂದೇ ಓಡಿ ಬರಬೇಕಿತ್ತು. ಬರಲಿಲ್ಲ — ನನಗೆ ನೆಟ್ಟಗೆ ಓದಲು ಬರಲಿಲ್ಲ ಎಂದು ನಿಮ್ಮೆದುರು ಹೇಗೆ ಒಪ್ಪಿಕೊಳ್ಳಲಿ... ರವಿಕೆಗೆ ಬೇರೆ ಅಂಗಡಿ ಹಿಡಿದೆ. ನೀವು ಅಂಗಡಿ ಮುಚ್ಚಿ ಆಲೂರಿಗೆ ಹೋದಿರೆಂದು ಕೇಳಿದಾಗ, ನಿಜ ಹೇಳುತ್ತೇನೆ, ಸಮಾಧಾನವಾಯಿತು.

ಮೊನ್ನೆ ಬಸ್ಸಿನಲ್ಲಿ ನಿಮ್ಮ ತಂಗಿ ಸಿಕ್ಕಿದ್ದರು. “ಅಕ್ಕ ಮಗೂ ಸಮಾಧಿ ತಾವ ಹೋಗೋದ್ನೇ ಬುಟ್ಟವ್ಳೆ ಕಣ್ರೀ. ಅಲ್ಲಿ ಉರೀತಿರೋ ಮಗೀಗೆ ಇಲ್ಲಿ ಹೂ ಇಟ್ಟು ಏನ್ ಮಾಡ್ಲಿ ಅಂತಾಳೆ,” ಎಂದರು. ಹಾಗೆಂದು ಯಾರು ಹೇಳಿದ್ದೆಂದು ಅವರಿಗೆ ಗೊತ್ತಿಲ್ಲ. ಇಷ್ಟು ವರ್ಷವಾದರೂ ನೀವು ನನ್ನ ಹೆಸರೆತ್ತಿಲ್ಲ.

ಭಾನುವಾರ ಆಲೂರಿಗೆ ಬರುತ್ತೇನೆ. ಎರಡೂ ಪುಟಗಳನ್ನು ಒಂದು ಪದ ಬಿಡದೆ ಕನ್ನಡದಲ್ಲಿ ಹೇಳುತ್ತೇನೆ. ಆ ಮಕ್ಕಳು ದೇವರ ಮುಖ ಕಾಣುವುದಿಲ್ಲ ಎಂಬ ಮಾತೂ ಅದೇ ಉತ್ತರದಲ್ಲಿದೆ — ಅದನ್ನೂ ಮುಚ್ಚಿಡುವುದಿಲ್ಲ. ಈಗಿನ ಪಾದ್ರಿಗಳು ಏನೆನ್ನುತ್ತಾರೋ, ನೀವು ಹೂಂ ಅಂದರೆ ಜೊತೆಗೆ ಹೋಗಿ ಕೇಳೋಣ. ಬೈದರೆ ಬೈಸಿಕೊಳ್ಳುತ್ತೇನೆ. ಬಾಗಿಲು ಹಾಕಿಕೊಂಡರೆ ಜಗಲಿಯ ಮೇಲೆ ನಿಂತು ಓದುತ್ತೇನೆ — ಒಳಗೆ ಕೇಳಿಸುವ ಹಾಗೆ, ಕೊನೆಯವರೆಗೂ.