ಮುನಿರತ್ನಮ್ಮನವರ ಹದಿನಾರು ಚಿತ್ರಗಳು

ನಿವೃತ್ತಿಗೆ ಇನ್ನು ನಾಲ್ಕು ವರ್ಷ ಉಳಿದಿದ್ದಾಗ ನಾನು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಹತ್ತಿರ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೆ. ಸುತ್ತಮುತ್ತ ರೇಷ್ಮೆಯದೇ ಕೆಲಸ. ನನ್ನ ತರಗತಿಯ ಅರ್ಧದಷ್ಟು ಮಕ್ಕಳ ಮನೆಯಲ್ಲಿ ಯಾರಾದರೊಬ್ಬರು ಹುಳು ಸಾಕುವವರು, ಇಲ್ಲವೇ ಗೂಡು ಬೇಯಿಸಿ ನೂಲು ತೆಗೆಯುವವರು. ಆದರೂ ರೇಷ್ಮೆಹುಳುವಿನ ಜೀವನಚಕ್ರ ಕಲಿಸಲು ನನ್ನ ಬಳಿ ಇದ್ದದ್ದು ಮಸುಕಾದ ಒಂದು ಹಳೆಯ ಚಾರ್ಟ್ ಮಾತ್ರ.

ಅದನ್ನು ಗೋಡೆಗೆ ತೂಗುಹಾಕಿದ ದಿನ ಒಂಬತ್ತನೇ ತರಗತಿಯ ಪವಿತ್ರ ಎದ್ದು ನಿಂತು, “ಹುಳ ಇಷ್ಟ್ ಸಣ್ಣಕ್ಕಿರಲ್ಲ ಮಿಸ್. ನಮ್ಮಮ್ಮನೇ ಇದಕ್ಕಿಂತ ಚೆನ್ನಾಗ್ ಬರೀತಾಳೆ” ಅಂದಳು. ಮಕ್ಕಳು ನಕ್ಕರು. ಮರುದಿನ ಅವಳು ತಂದು ತೋರಿಸಿದ ಹಳೇ ಕ್ಯಾಲೆಂಡರ್ ಹಾಳೆಗಳ ಬೆನ್ನ ಮೇಲಿನ ಚಿತ್ರಗಳನ್ನು ನೋಡಿ ನಾನು ಬೆರಗಾದೆ.

ಪವಿತ್ರಳ ತಾಯಿ ಮುನಿರತ್ನಮ್ಮ ನೂಲು ತೆಗೆಯುವ ಘಟಕವೊಂದರಲ್ಲಿ ಕೆಲಸಕ್ಕಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟವರು. ಚಿತ್ರ ಬರೆಯುವುದನ್ನು ಯಾರಿಂದಲೂ ಕಲಿತಿರಲಿಲ್ಲ. ನಾನು ಚಾರ್ಟ್ ಹಾಳೆ, ಬಣ್ಣ ಕೊಡಿಸಿದೆ. ಎರಡು ತಿಂಗಳ ಭಾನುವಾರಗಳಲ್ಲಿ ಅವರು ಹದಿನಾರು ಚಿತ್ರ ಬರೆದುಕೊಟ್ಟರು. ಸಾಸಿವೆಯಂಥ ಮೊಟ್ಟೆ, ಸೊಪ್ಪು ಮೇಯುವ ಮರಿ, ಊರಿನವರು ‘ಜ್ವರ’ ಎನ್ನುವ, ಹುಳು ನಾಲ್ಕು ಸಲ ಪೊರೆ ಕಳಚುವ ಹಂತಗಳು, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಗೂಡು ಕಟ್ಟುವ, ಮೇವು ಬಿಟ್ಟು ಹಣ್ಣಾದ ಹುಳು, ಚಿಟ್ಟೆ. ಕೊನೆಯದರಲ್ಲಿ ಬಿಸಿನೀರಿನ ಬೋಗುಣಿ, ಅದರಲ್ಲಿ ತೇಲುವ ಗೂಡುಗಳು, ನೂಲಿನ ಎಳೆ ಹುಡುಕುತ್ತಿರುವ ಎರಡು ಕೈ.

ನನ್ನ ಪಾಠ ಟಿಪ್ಪಣಿಯ ಜೊತೆ ಆ ಚಿತ್ರಗಳನ್ನು ಸೇರಿಸಿ ಪಿಡಿಎಫ್ ಮಾಡಿ, ಶಿಕ್ಷಕರು ಪಾಠಸಾಮಗ್ರಿ ಹಂಚಿಕೊಳ್ಳುವ ಒಂದು ಜಾಲತಾಣಕ್ಕೆ ಹಾಕಿದೆ. ಅಲ್ಲಿ ಮುಕ್ತ ಪರವಾನಗಿ, ಅಂದರೆ ಓಪನ್ ಲೈಸೆನ್ಸ್, ಆರಿಸಿಕೊಳ್ಳಬೇಕಿತ್ತು. ಕಾಪಿರೈಟ್ ಕೃತಿ ಮಾಡಿದವರದ್ದೇ ಆಗಿ ಉಳಿಯುತ್ತದೆ. ಆದರೆ ಯಾರು ಬೇಕಾದರೂ ಕೇಳದೆಯೇ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂದು ಅವರು ಮೊದಲೇ ಬರೆದುಕೊಟ್ಟಿರುತ್ತಾರೆ. ನಾನು ಒಂದು ಗುಂಡಿ ಒತ್ತಿದೆ. ಕರ್ತೃವಿನ ಜಾಗದಲ್ಲಿ ನನ್ನ ಹೆಸರು ಬರೆದೆ. ಕೊನೆಯ ಚಿತ್ರದ ಕೈಗಳು ಪಠ್ಯಕ್ಕೆ ಸಂಬಂಧಪಟ್ಟವಲ್ಲ ಎನ್ನಿಸಿ ಅವನ್ನು ಕತ್ತರಿಸಿ ತೆಗೆದಿದ್ದೆ.

ಒಂದೆರಡು ತಿಂಗಳಲ್ಲಿ ರಾಮನಗರ, ಕೊಳ್ಳೇಗಾಲದ ಕಡೆಯ ಶಿಕ್ಷಕರು ಫೋನ್ ಮಾಡತೊಡಗಿದರು. “ಮೇಡಂ, ನಿಮ್ಮ ಚಿತ್ರಗಳು ಅದ್ಭುತ” ಅನ್ನುತ್ತಿದ್ದರು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಮುನಿರತ್ನಮ್ಮ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. ಶಿಡ್ಲಘಟ್ಟದ ಶಾಲೆಯಲ್ಲಿ ಓದುವ ಅವರ ತಂಗಿಯ ಮಗಳ ಬ್ಯಾಗಿನಲ್ಲಿ ಸಿಕ್ಕಿದ ಜೆರಾಕ್ಸ್ ಹಾಳೆಗಳು ಕೈಯಲ್ಲಿದ್ದವು.

“ಮೇಡಂ, ಇವು ನಾನ್ ಬರ್ದಿದ್ದಲ್ವಾ?”

“ಹೌದು ಮುನಿರತ್ನಮ್ಮ.”

“ಮತ್ತೆ ನಿಮ್ಮೆಸ್ರು ಐತೆ.” ಕೊನೆಯ ಹಾಳೆ ತಿರುವಿದರು. “ಹೆಸ್ರು ಹೋಗ್ಲಿ ಬಿಡಿ. ನನ್ ಕೈ ಯಾಕ್ ತೆಗೆದ್ರಿ? ಇಪ್ಪತ್ತು ವರ್ಷ ಆ ಬಿಸ್ನೀರಲ್ಲಿ ಇಟ್ಟಿರೋ ಕೈ ಕಣಮ್ಮ ಅದು.”

ನಾನು ಕುರ್ಚಿಯಿಂದ ಎದ್ದೆ. “ತಪ್ಪಾಯ್ತು” ಎನ್ನುವಷ್ಟರಲ್ಲಿ ಅವರು ಮೆಟ್ಟಿಲಿಳಿದು ಹೋಗಿದ್ದರು.

ಮುಖ್ಯೋಪಾಧ್ಯಾಯರಿಗೆ ವಿಷಯ ಹೇಳಿದೆ. “ಅವರ ಹೆಸರು ಸೇರಿಸಿಬಿಡಿ, ಮುಗೀತಲ್ಲ” ಅಂದರು. ಆದರೆ ಆ ರಾತ್ರಿ ಲೈಸೆನ್ಸಿನ ವಿವರವನ್ನು ಮೊದಲ ಬಾರಿ ಪೂರ್ತಿ ಓದಿದಾಗ ತಪ್ಪು ಇನ್ನೂ ದೊಡ್ಡದೆಂದು ತಿಳಿಯಿತು. ಕೃತಿಯ ಹಕ್ಕು ಇರುವವರು ಮಾತ್ರ ಅದನ್ನು ಮುಕ್ತಗೊಳಿಸಬಹುದು. ಹಾಳೆ, ಬಣ್ಣ ನನ್ನದಾದ ಮಾತ್ರಕ್ಕೆ ಚಿತ್ರ ನನ್ನದಾಗಿರಲಿಲ್ಲ. ನಾನು ಕೊಟ್ಟಿದ್ದೆ ಎಂದುಕೊಂಡಿದ್ದ ಅನುಮತಿಗೆ ಬೆಲೆಯೇ ಇರಲಿಲ್ಲ. ನನ್ನನ್ನು ನಂಬಿ ಬಳಸಿದ ಶಿಕ್ಷಕರನ್ನೂ ತಪ್ಪಿಗೆ ಎಳೆದಿದ್ದೆ.

ಬೆಳಗ್ಗೆ ಪಿಡಿಎಫ್ ತೆಗೆಸಿದೆ. ಏನಾಯಿತೆಂದು ಜಾಲತಾಣದಲ್ಲಿ ಬರೆದು ಕ್ಷಮೆ ಕೇಳಿದೆ. “ಪರೀಕ್ಷೆ ಹತ್ತಿರ ಬಂತಲ್ಲ ಮೇಡಂ, ಈಗ ತೆಗೆದ್ರೆ ಹೇಗೆ?” ಎಂದು ಫೋನುಗಳು ಬಂದವು. ಸಂಜೆ ಮುನಿರತ್ನಮ್ಮನವರ ಮನೆಗೆ ಹೋಗಿ, ತೆಗೆಸಿದ್ದೇನೆಂದು ಹೇಳಿ, ಲೈಸೆನ್ಸ್ ಎಂದರೇನೆಂದು ವಿವರಿಸಿದೆ. ಒಪ್ಪಲೇಬೇಕೆಂದಿಲ್ಲ, ಒಪ್ಪಿ ಕೊಟ್ಟರೆ ಮತ್ತೆ ಹಿಂದಕ್ಕೆ ಪಡೆಯಲಾಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ಕಾಫಿ ಕೊಟ್ಟು, ಯೋಚಿಸಿ ಹೇಳುತ್ತೇನೆ ಎಂದರು.

ಎರಡು ವಾರ ಕಾದೆ. ಪವಿತ್ರಳನ್ನು ಕೇಳಿ ನೋಡೋಣ ಎಂದು ದಿನಕ್ಕೊಮ್ಮೆ ಅನ್ನಿಸುತ್ತಿತ್ತು; ಕೇಳಲಿಲ್ಲ. ಮೂರನೇ ಭಾನುವಾರ ಮುನಿರತ್ನಮ್ಮ ತಾವೇ ನಮ್ಮ ಮನೆಗೆ ಬಂದರು, ಪ್ರಶ್ನೆಗಳನ್ನು ತಲೆಯಲ್ಲಿಟ್ಟುಕೊಂಡು.

“ಯಾರಾದ್ರೂ ಚಿತ್ರ ತಿದ್ಬೋದಾ?”

“ನೀವು ಒಪ್ಪಿದ್ರೆ ತಿದ್ಬೋದು. ತಿದ್ದಿದೀವಿ ಅಂತ ಅವರು ಹೇಳ್ಬೇಕು.”

“ತಿದ್ಕೊಂಡು, ಇನ್ಮೇಲೆ ಇದು ನಮ್ದು, ಯಾರೂ ಮುಟ್ಬೇಡಿ ಅಂದ್ರೆ?”

ಅದಕ್ಕೂ ಒಂದು ಷರತ್ತು ಇದೆ, ತಿದ್ದಿದವರು ತಮ್ಮದನ್ನೂ ಇದೇ ಲೈಸೆನ್ಸಿನಲ್ಲಿ ಹಂಚಬೇಕು ಎಂದೆ. ಅವರ ಮುಖ ಅರಳಿತು. “ಅದನ್ನೇ ಹಾಕಿ. ನನ್ನೆಸ್ರು, ಊರು ಇರ್ಲಿ. ಕೈ ಇರ್ಲಿ. ಆಮೇಲೆ ಮೂರ್ನೇ ಜ್ವರದ ಚಿತ್ರ ವಾಪಸ್ ಕೊಡಿ. ಜ್ವರದಲ್ಲಿರೋ ಹುಳ ತಲೆ ಎತ್ಕೊಂಡ್ ಸುಮ್ನೆ ಇರುತ್ತೆ. ನಾನು ಮೇಯೋ ಹಂಗ್ ಬರ್ದ್‌ಬಿಟ್ಟಿದೀನಿ.” ಆ ತಪ್ಪು ನನ್ನ ಕಣ್ಣಿಗಾಗಲಿ ಅದನ್ನು ಬಳಸಿದ ಶಿಕ್ಷಕರ ಕಣ್ಣಿಗಾಗಲಿ ಬಿದ್ದಿರಲಿಲ್ಲ.

ಪರೀಕ್ಷೆಗೆ ಹತ್ತು ದಿನ ಇರುವಾಗ, ಅವರು ತಿದ್ದಿಕೊಟ್ಟ ಚಿತ್ರದೊಂದಿಗೆ ಹೊಸ ಪಿಡಿಎಫ್ ಜಾಲತಾಣಕ್ಕೆ ಹೋಯಿತು. ಒಪ್ಪಿಗೆ ಪತ್ರಕ್ಕೆ ಅವರೇ ಓದಿ ಸಹಿ ಹಾಕಿದ್ದರು. ಮರುವರ್ಷ ಹಿಂದೂಪುರದ ಕಡೆಯ ಶಿಕ್ಷಕರೊಬ್ಬರು ಅದನ್ನು ತೆಲುಗಿಗೆ ತಂದು ನಮಗೂ ಕಳಿಸಿದರು. ಬಿದಿರಿನ ಚಂದ್ರಿಕೆಯ ಜಾಗದಲ್ಲಿ ತಮ್ಮ ಕಡೆ ಬಳಸುವ ಪ್ಲಾಸ್ಟಿಕ್ಕಿನದನ್ನು ಬರೆಸಿದ್ದರು. ಮುನಿರತ್ನಮ್ಮ ಕನ್ನಡಕ ಏರಿಸಿ ನೋಡಿ, “ಚೆನ್ನಾಗ್ ತಿದ್ದವ್ರೆ” ಎಂದು ಮೆಚ್ಚಿಕೊಂಡರು.

ನಾನು ನಿವೃತ್ತಳಾಗುವ ವರ್ಷ ದೇವನಹಳ್ಳಿಯಲ್ಲಿ ನಡೆದ ಶಿಕ್ಷಕರ ತರಬೇತಿಗೆ ಅವರನ್ನು ಕರೆಸಿದ್ದೆವು. ಕಿರಿಯ ಶಿಕ್ಷಕರೊಬ್ಬರು ಕೇಳಿದರು: “ಮೊದಲನೇ ಸಲ ಬೇಜಾರಾಯ್ತು ಅಂತೀರಿ. ಮತ್ತೆ ಅದೇ ಚಿತ್ರಗಳನ್ನ ಎಲ್ಲರಿಗೂ ಬಿಟ್ಟುಕೊಟ್ರಲ್ಲ, ಯಾಕಮ್ಮ?”

ಮುನಿರತ್ನಮ್ಮ ಮೈಕನ್ನು ಸ್ವಲ್ಪ ದೂರ ಹಿಡಿದುಕೊಂಡರು. “ಅವತ್ತು ಮೇಡಂ ತಗೊಂಡಿದ್ರು. ಆಮೇಲೆ ನಾನ್ ಕೊಟ್ಟೆ.”

ಮೂವತ್ತು ವರ್ಷ ಪಾಠ ಮಾಡಿದ ನನಗೆ ಜ್ಞಾನ ಎಲ್ಲರದ್ದು ಎಂಬ ಮಾತು ಬಾಯಿಪಾಠವಾಗಿತ್ತು. ಅದನ್ನು ಎಲ್ಲರದ್ದಾಗಿ ಮಾಡುವ ಸಂತೋಷ ಮೊದಲು ಯಾರಿಗೆ ಸಲ್ಲಬೇಕು ಎಂಬುದನ್ನು ಮುನಿರತ್ನಮ್ಮ ಕಲಿಸಿದರು.